ಭಾನುವಾರದ ಹೆಪ್ಪು

ಜೂನ್ ೧೧, ಬುಧವಾರ
ಪ್ರಯೋಗಾಲಯದ ಊಟದ ಕೋಣೆ

ಪ್ರೀತಿಯ ಅತ್ತಿಗೆಗೆ,

ನಿಮ್ಮ ನಾದಿನಿಯ ನಮಸ್ಕಾರ. ನನ್ನ ಫೋನು ಎತ್ತುವುದಿಲ್ಲವೆಂದು ಶಪಥ ಮಾಡಿದ್ದೀರಿ. ಆ ಶಪಥದಲ್ಲಿ ಕಾಗದ ಓದುವುದಿಲ್ಲ ಅನ್ನುವುದನ್ನು ಸೇರಿಸಿರಲಿಕ್ಕಿಲ್ಲ ಎಂಬ ಧೈರ್ಯದಿಂದ ಬರೆಯುತ್ತಿದ್ದೇನೆ. ಕೊನೆಯ ಸಲ ನೀವು ಅಂದದ್ದು ಇನ್ನೂ ಕಿವಿಯಲ್ಲಿ ಕೂತಿದೆ. ಫೆಬ್ರವರೀಲಿ ಔಷಧಿ ಒಳಗೆ ಹೋಗುತ್ತೆ ಅಂದ್ರಿ, ಏಪ್ರಿಲ್‌ನಲ್ಲಿ ಗೊತ್ತಿಲ್ಲ ಅಂದ್ರಿ, ಈಗ ಇನ್ನೇನೋ ಅಂತೀರಿ, ನನ್ನ ಮಗಳ ಕಾಲೇನು ನಿಮ್ಮ ನಾಲಿಗೆ ತಿರುಗಿದ ಹಾಗೆ ತಿರುಗುತ್ತಾ, ಹೇಳೋದನ್ನ ಬರೆದು ಕಳಿಸಿ, ಮೂರು ಸಲ ಓದ್ಕೋತೀನಿ ಅಂದಿರಿ. ವಯಸ್ಸಿನಲ್ಲಿ ನನಗಿಂತ ಆರು ವರ್ಷ ಚಿಕ್ಕವರಾದರೂ ಬೈಯುವಾಗ ಮಾತ್ರ ಅತ್ತಿಗೆ ಅನ್ನುವುದು ನಿಮಗೆ ಚೆನ್ನಾಗಿ ನೆನಪಿರುತ್ತದೆ.

ಬರೆಯಬೇಕೆಂದು ಕೂತರೆ ಎಲ್ಲಿಂದ ಶುರು ಮಾಡಲಿ ಎಂಬುದೇ ತೋಚುತ್ತಿಲ್ಲ. ಇದು ನಾಲ್ಕನೆಯ ಹಾಳೆ. ಮೊದಲ ಮೂರರಲ್ಲಿ ನಾನು ಬಹಳ ಒಳ್ಳೆಯವಳಂತೆ ಕಾಣುತ್ತಿದ್ದೆ, ಅದಕ್ಕೇ ಹರಿದು ಹಾಕಿದೆ.

ಗುಬ್ಬಿಯ ರೋಗದ ಬಗ್ಗೆ ವೈದ್ಯರು ನಿಮಗೆ ಹೇಳಿಯೇ ಇದ್ದಾರೆ. ಆದರೂ ನನ್ನ ಮಾತಿನಲ್ಲಿ ಇನ್ನೊಮ್ಮೆ ಕೇಳಿ, ಮುಂದಿನದಕ್ಕೆ ಬೇಕಾಗುತ್ತದೆ. ಮೈಯ ಪ್ರತಿಯೊಂದು ಜೀವಕೋಶಕ್ಕೂ ಒಂದು ಸಹಕಿಣ್ವ ಬೇಕು. ಅದಿಲ್ಲದಿದ್ದರೆ ಕೋಶ ತಿಂದದ್ದನ್ನು ಶಕ್ತಿಯಾಗಿ ಮಾಡಿಕೊಳ್ಳಲಾರದು. ನಿಮ್ಮ ಕೋಶ, ನನ್ನ ಕೋಶ ಎಲ್ಲವೂ ಊಟದಲ್ಲಿ ಸಿಕ್ಕ ವಿಟಮಿನ್ನನ್ನು ಹಂತಹಂತವಾಗಿ ತಿದ್ದಿ ಅದನ್ನು ಒಳಗೇ ತಯಾರಿಸಿಕೊಳ್ಳುತ್ತವೆ. ಗುಬ್ಬಿಯ ಕೋಶಗಳಲ್ಲಿ ಆ ಕೆಲಸದ ಮೊದಲ ಹಂತವೇ ಕೆಟ್ಟಿದೆ. ಅವಳಿಗೆ ವಿಟಮಿನ್ನನ್ನು ಕೊಡಗಟ್ಟಲೆ ಕುಡಿಸಿದರೂ ಬೋರ್ಗಲ್ಲ ಮೇಲೆ ಮಳೆ ಸುರಿದಂತೆ. ಹಾಗಾದರೆ ತಯಾರಾದ ಸಹಕಿಣ್ವವನ್ನೇ ಹೊರಗಿನಿಂದ ಕೊಟ್ಟರೆ ಕೋಶ ಅದನ್ನು ಒಳಗೆ ಬಿಟ್ಟುಕೊಳ್ಳುತ್ತದೆಯೇ? ನಮ್ಮ ಮೇಡಂ ಎರಡು ವರ್ಷದಿಂದ ಕೇಳುತ್ತಿರುವ ಪ್ರಶ್ನೆ ಅದು. ಅದು ದೊಡ್ಡದು, ಕೋಶದ ಗೋಡೆ ದಾಟಲಾರದು ಅನ್ನುವವರೇ ಹೆಚ್ಚು.

ನನ್ನ ಕೆಲಸ ನಿಮಗೆ ಗೊತ್ತು. ಕೋಶಗಳನ್ನು ಸಾಕುವುದು. ಅವುಗಳ ಊಟವಾದ ಕೆಂಪು ನೀರಿನಂಥ ಮೀಡಿಯಂ ಹಾಕುವುದು, ಅದು ಹಳದಿಗೆ ತಿರುಗಿದಾಗ ತೆಗೆದು ಹೊಸದು ಹಾಕುವುದು, ಮೈಶಾಖದ ಪೆಟ್ಟಿಗೆಯಲ್ಲಿ ಮಲಗಿಸುವುದು, ಸೂಕ್ಷ್ಮದರ್ಶಕದಲ್ಲಿ ನೋಡಿ ಕ್ಷೇಮ ವಿಚಾರಿಸುವುದು. ಇಪ್ಪತ್ತೆರಡು ವರ್ಷ ಇದನ್ನೇ ಮಾಡಿದ್ದೇನೆ. ಮದುವೆಯಾಗಿದ್ದರೆ ಇಷ್ಟು ಚಾಕರಿ ಇರುತ್ತಿರಲಿಲ್ಲ ಎಂದು ಅಣ್ಣ ನಗುತ್ತಾನೆ. ಅವನಿಗೆ ನಿಮ್ಮ ಚಾಕರಿ ಕಣ್ಣಿಗೆ ಬಿದ್ದಿಲ್ಲ, ಅಷ್ಟೆ.

ಆಸ್ಪತ್ರೆಯಿಂದ ಮೂರು ಮಕ್ಕಳ ಚರ್ಮದ ಕೋಶಗಳು ನಮಗೆ ಬಂದವು. ಹೆಸರಿಲ್ಲ, ಬರೀ ಸಂಖ್ಯೆ: ಮೂರು, ಒಂಬತ್ತು, ಹದಿನಾಲ್ಕು. ಯಾರದು ಯಾವುದೆಂದು ನಮಗೆ ತಿಳಿಯಬಾರದೆಂದು ಆಸ್ಪತ್ರೆಯವರು ಬೇಕೆಂದೇ ಸಂಖ್ಯೆಗಳನ್ನು ಕಲಸಿ ಕೊಡುತ್ತಾರೆ. ಒಂದೊಂದು ಮಗುವಿನ ಕೋಶಕ್ಕೂ ಎರಡು ತಟ್ಟೆ. ಒಂದಕ್ಕೆ ವಿಟಮಿನ್ನೂ ಇಲ್ಲ, ಸಹಕಿಣ್ವವೂ ಇಲ್ಲ. ಅದನ್ನು ನಾವು ಉಪವಾಸದ ತಟ್ಟೆ ಅನ್ನುತ್ತೇವೆ. ಇನ್ನೊಂದಕ್ಕೆ ಸಹಕಿಣ್ವ ಮಾತ್ರ; ಅದು ಉಪಚಾರದ ತಟ್ಟೆ. ಗುರುವಾರ ಶುರು, ಸೋಮವಾರ ಎಣಿಕೆ. ಉಪವಾಸದ್ದು ಸಾಯಬೇಕು, ಉಪಚಾರದ್ದು ಬದುಕಬೇಕು. ಆಗ ಮಾತ್ರ ಕೊಟ್ಟದ್ದು ಒಳಗೆ ಹೋಯಿತು ಎನ್ನಬಹುದು.

ಮೂರು ಮತ್ತು ಒಂಬತ್ತು ಹೇಳಿದ ಮಾತು ಕೇಳಿದವು. ಉಪವಾಸದ ತಟ್ಟೆಯ ಕೋಶಗಳು ದುಂಡಗಾಗಿ ತಳ ಬಿಟ್ಟು ತೇಲಿದವು, ಉಪಚಾರದವು ಕೈಕಾಲು ಚಾಚಿ ಹರಡಿಕೊಂಡವು. ಹದಿನಾಲ್ಕು ಮಾತ್ರ ಎರಡೂ ತಟ್ಟೆಯಲ್ಲಿ ಬದುಕಿತು. ಊಟ ಹಾಕಿದರೂ ಬದುಕುತ್ತದೆ, ಹಾಕದಿದ್ದರೂ ಬದುಕುತ್ತದೆ ಎಂದರೆ ಊಟದಿಂದ ಬದುಕಿತು ಎಂದು ಹೇಗೆ ಹೇಳುವುದು? ಈ ಕೆಲಸ ಮಾಡುವ ಸಂಶೋಧಕಿ ಕಡ್ಡಿ ಮುರಿದಂತೆ ಮಾತಾಡುತ್ತಾಳೆ, ಅದಕ್ಕೇ ನಾವೆಲ್ಲ ಅವಳನ್ನು ಕಡ್ಡಿ ಅನ್ನುತ್ತೇವೆ. ಅವಳು ಸೀರಮ್ ಬದಲಾಯಿಸಿದಳು, ಬಾಟಲಿ ಬದಲಾಯಿಸಿದಳು, ಕೊನೆಗೆ ಪೆಟ್ಟಿಗೆಯನ್ನೇ ಬದಲಾಯಿಸಿದಳು. ಮಾರ್ಚಿನಲ್ಲಿ ಒಂದೇ ಒಂದು ವಾರ ಹದಿನಾಲ್ಕರ ಉಪವಾಸದ ತಟ್ಟೆ ಸತ್ತಿತು. ಅವತ್ತು ಅವಳು ಸತ್ತ ಕೋಶ ನೋಡಿ ಚಪ್ಪಾಳೆ ತಟ್ಟಿದಳು. ಮುಂದಿನ ವಾರ ಮತ್ತೆ ಬದುಕಿತು. ವಾರಕ್ಕೊಂದು ಕಥೆ ಹೇಳ್ತಿದ್ದೀಯಲ್ಲ, ನಿನ್ನ ಕೈಲಿ ಶಿಸ್ತಿಲ್ಲ ಎಂದು ಮೇಡಂ ಎಲ್ಲರೆದುರು ಅಂದರು. ನಾಲ್ಕು ವರ್ಷದ ದುಡಿಮೆ ಅವಳದು. ನಾನು ಪಕ್ಕದ ತೊಟ್ಟಿಯಲ್ಲಿ ಕೈ ತೊಳೆಯುತ್ತಿದ್ದೆ. ಎಷ್ಟು ಹೊತ್ತು ತೊಳೆದೆ ಎಂದರೆ ಬೆರಳೆಲ್ಲ ಸುಕ್ಕುಗಟ್ಟಿತು.

ಅತ್ತಿಗೆ, ಆ ವಾರ ನನಗೆ ಜ್ವರ. ಭಾನುವಾರ ಕೆಲಸಕ್ಕೆ ಹೋಗಿರಲಿಲ್ಲ.

ಇನ್ನು ಸುತ್ತುವುದಿಲ್ಲ. ಹದಿನಾಲ್ಕು ನಮ್ಮ ಗುಬ್ಬಿಯದು. ನನಗೆ ಯಾರೂ ಹೇಳಲಿಲ್ಲ, ನಾನೇ ಕಂಡುಕೊಂಡೆ. ಗುಬ್ಬಿಯ ತೋಳಿನಿಂದ ಚರ್ಮ ತೆಗೆದರೆಂದು ನೀವು ಫೋನಿನಲ್ಲಿ ಅತ್ತ ಮರುದಿನವೇ ಹದಿನಾಲ್ಕರ ನಳಿಕೆ ಬಂತು. ಮೂರು ಅದಕ್ಕೂ ಮುಂಚೆ ಬಂದಿತ್ತು, ಒಂಬತ್ತು ಎರಡು ವಾರ ಬಿಟ್ಟು ಬಂತು. ಅದೂ ಅಲ್ಲದೆ ಸೂಕ್ಷ್ಮದರ್ಶಕದಲ್ಲಿ ನೋಡಿದ ಕೂಡಲೇ ತಿಳಿಯಿತು. ಉದ್ದುದ್ದ, ತೆಳ್ಳಗೆ, ಒಂದು ಕಡೆ ನಿಲ್ಲದ ಕೋಶಗಳು. ನಮ್ಮ ವಂಶದ ಬೆರಳು ನನಗೆ ಗೊತ್ತಾಗುವುದಿಲ್ಲವೇ? ನಿಯಮದ ಪ್ರಕಾರ ಅವತ್ತೇ ಮೇಡಂ ಹತ್ತಿರ ಹೋಗಿ, ಈ ಮಕ್ಕಳಲ್ಲಿ ಒಬ್ಬಳು ನನ್ನ ಅಣ್ಣನ ಮಗಳು, ನನ್ನನ್ನು ಈ ಕೆಲಸದಿಂದ ಬಿಡಿ ಅನ್ನಬೇಕಿತ್ತು. ಅನ್ನಲಿಲ್ಲ. ಬೇರೆಯವರು ಅವಳನ್ನು ಸರಿಯಾಗಿ ನೋಡಿಕೊಳ್ಳುತ್ತಾರೆಂಬ ನಂಬಿಕೆ ನನಗಿರಲಿಲ್ಲ.

ಮೊದಲ ಭಾನುವಾರ ಪೆಟ್ಟಿಗೆ ತೆರೆದು ನೋಡಿದರೆ ಹದಿನಾಲ್ಕರ ಉಪವಾಸದ ತಟ್ಟೆ ಮುದುಡಿಕೊಳ್ಳಲು ಶುರುವಾಗಿತ್ತು. ಸಾಯುವುದಕ್ಕೇ ಇಟ್ಟ ತಟ್ಟೆ ಅದು. ನನಗೆ ಗೊತ್ತಿಲ್ಲದ್ದೇನಲ್ಲ. ಆದರೂ ಹಸಿದ ಗುಬ್ಬಿಯನ್ನು ಕೂಡಿಹಾಕಿ ಬಾಗಿಲಾಚೆ ನಿಂತಂತೆ ಅನ್ನಿಸಿತು. ನಮ್ಮ ಕಸುಬಿನಲ್ಲಿ ಹಳಬರಿಂದ ಬಂದ ಒಂದು ಪದ್ಧತಿಯಿದೆ. ಕೋಶ ಸೊರಗಿದರೆ, ಚೆನ್ನಾಗಿ ಬೆಳೆದ ತಟ್ಟೆಯಿಂದ ತೆಗೆದ ಹಳೆಯ ಮೀಡಿಯಂ ಸ್ವಲ್ಪ ಸೋಸಿ ಇದಕ್ಕೆ ಹಾಕುವುದು. ಹಾಲಿಗೆ ಹೆಪ್ಪು ಹಾಕಿದಂತೆ, ಆದ್ದರಿಂದ ಅದಕ್ಕೆ ನಾವು ಹೆಪ್ಪು ಎಂದೇ ಅನ್ನುತ್ತೇವೆ. ಉಪಚಾರದ ತಟ್ಟೆಯ ಹಳೇ ನೀರನ್ನು ಚೆಲ್ಲುವ ಮೊದಲು ಅದರಿಂದ ಒಂದಿಷ್ಟು ಉಪವಾಸದ ತಟ್ಟೆಗೆ ಹಾಕಿದೆ. ಎಂಜಲು ನೀರು, ಅದರಲ್ಲಿ ಸತ್ವವೇನು ಉಳಿದಿರುತ್ತದೆ, ಸಮಾಧಾನಕ್ಕೆ ಹಾಕಿದ್ದು ಎಂದುಕೊಂಡೆ. ಆಮೇಲೆ ಪ್ರತಿ ಭಾನುವಾರವೂ ಹಾಕಿದೆ.

ಸೋಮವಾರ ಅದು ಬದುಕಿದ್ದು ನೋಡಿ ನಾನೇನು ತಿಳಿದೆ ಗೊತ್ತೇ? ಹೆಪ್ಪಿನಿಂದ ಎಂದಲ್ಲ. ನಮ್ಮ ಗುಬ್ಬಿ ಗಟ್ಟಿಗಿತ್ತಿ ಎಂದು ತಿಳಿದೆ! ಆ ಖುಷಿಯಲ್ಲೇ ಫೆಬ್ರವರಿಯಲ್ಲಿ ಅಣ್ಣನಿಗೆ ಫೋನು ಮಾಡಿ ಔಷಧಿ ಒಳಗೆ ಹೋಗುತ್ತೆ, ನಾನೇ ಕಣ್ಣಾರೆ ಕಂಡೆ ಅಂದದ್ದು. ಮೇಡಂ ಮುಖ ಗಂಟಿಕ್ಕಿದಾಗ ಗೊಂದಲವಾಯಿತು, ಏಪ್ರಿಲ್‌ನಲ್ಲಿ ಗೊತ್ತಿಲ್ಲ ಅಂದೆ. ಎರಡು ಸಲವೂ ಸುಳ್ಳು ಹೇಳಿರಲಿಲ್ಲ ಅತ್ತಿಗೆ, ತಿಳಿಯದೆ ಹೇಳಿದ್ದೆ. ತಿಳಿಯದೆ ಇಷ್ಟು ಗಟ್ಟಿಯಾಗಿ ಮಾತಾಡುವುದು ನಮ್ಮ ಮನೆತನದ ಗುಣ, ನಿಮ್ಮ ಗಂಡನನ್ನೇ ನೋಡಿ.

ಹೋದ ವಾರ ಕಡ್ಡಿ ಇನ್ನೊಂದು ಪರೀಕ್ಷೆ ಮಾಡಿದಳು. ಸಹಕಿಣ್ವ ಹಾಕಿದ ಮೀಡಿಯಮ್ಮನ್ನು ಗಂಟೆಗಂಟೆಗೂ ತೆಗೆದು ಯಂತ್ರದಲ್ಲಿ ಅಳೆದಳು. ಆರು ಗಂಟೆಯಾಗುವಷ್ಟರಲ್ಲಿ ಇಡಿಯಾದ ಸಹಕಿಣ್ವ ಒಂದು ಚೂರೂ ಉಳಿದಿರಲಿಲ್ಲ. ಕೋಶದ ಹೊರಗೇ ಮುರಿದುಹೋಗಿತ್ತು. ಮೇಡಂ ತಲೆಯ ಮೇಲೆ ಕೈ ಹೊತ್ತು ಕೂತರು. ನಾವು ಕೊಟ್ಟದ್ದೇ ಅಲ್ಲಿ ಉಳಿಯುವುದಿಲ್ಲ, ಕೊಡದ ಕೋಶವೂ ಬದುಕುತ್ತದೆ, ಹಾಗಿದ್ದ ಮೇಲೆ ಯಾವ ಮುಖ ಇಟ್ಟುಕೊಂಡು ಆಸ್ಪತ್ರೆಗೆ ಹೌದು ಎಂದು ಬರೆಯಲಿ ಅಂದರು. ಬರುವ ಸೋಮವಾರ ಬರೆಯುತ್ತಾರೆ. ಇಲ್ಲ ಎಂದು ಬರೆದರೆ ಮಕ್ಕಳಿಗೆ ಔಷಧಿ ಕೊಟ್ಟು ನೋಡುವ ಕೆಲಸ ನಿಲ್ಲುತ್ತದೆ, ಮೂವರಿಗೂ.

ಅವತ್ತು ನಾನೂ ಲೆಕ್ಕ ಹಾಕಿದೆ. ಗುರುವಾರ ಹಾಕಿದ್ದು ಆರು ಗಂಟೆಯಲ್ಲಿ ಮುರಿದುಹೋದರೆ, ಭಾನುವಾರ ನಾನು ಹಾಕಿದ ಹೆಪ್ಪಿನಲ್ಲಿ ಇಡಿಯಾದದ್ದು ಎಲ್ಲಿಂದ ಬರಬೇಕು? ಆದರೂ ಕೋಶ ಬದುಕಿತು. ಹಾಗಾದರೆ ಒಳಗೆ ಹೋದದ್ದು ಏನು? ಏನೂ ತಿಳಿಯದವಳಂತೆ ಕಡ್ಡಿಯನ್ನು ಕೇಳಿದೆ, ಮುರಿದ ಚೂರು ಏನಾಗುತ್ತೆ ಅಂತ. ಅವಳು ಹೇಳಿದಳು, ಒಂದು ಚೂರು ಗೋಡೆ ದಾಟಿ ಒಳಗೆ ಹೋಗಬಹುದು ಅಕ್ಕ, ಒಳಗೆ ಅದನ್ನ ಮತ್ತೆ ಜೋಡಿಸಿಕೊಳ್ಳಬಹುದು, ಆದರೆ ಅದಕ್ಕೆ ಹಳೇ ಮೀಡಿಯಮ್ಮನ್ನ ಉಪವಾಸದ ಕೋಶಕ್ಕೆ ಹಾಕಿ ನೋಡಬೇಕು, ಅಂಥ ಪ್ರಯೋಗ ಇಲ್ಲಿ ಯಾರೂ ಮಾಡಿಲ್ಲವಲ್ಲ ಅಂತ. ನಾಲ್ಕು ತಿಂಗಳಿಂದ ಅದನ್ನೇ ಮಾಡುತ್ತಿರುವ ನಾನು ಅವಳೆದುರು ಕೂತು ಚಹಾ ಕುಡಿಯುತ್ತಿದ್ದೆ.

ನಿಮ್ಮ ಮದುವೆಯಲ್ಲಿ ಕೊಟ್ಟ ಮರದ ಕಪಾಟು ಬಾಗಿಲಲ್ಲಿ ಸಿಕ್ಕಿಹಾಕಿಕೊಂಡದ್ದು ನೆನಪಿದೆಯೇ? ಅಣ್ಣ ಬಾಗಿಲ ಚೌಕಟ್ಟು ಒಡೆಸುತ್ತೇನೆಂದು ಕುಣಿದ. ಬಡಗಿ ಸುಮ್ಮನೆ ಬಂದು ಕಪಾಟನ್ನೇ ಬಿಚ್ಚಿ, ಹಲಗೆ ಹಲಗೆಯಾಗಿ ಒಳಗೆ ತಂದು ಜೋಡಿಸಿಟ್ಟ. ಇದೂ ಹಾಗೇ ಇರಬೇಕು. ಗುಬ್ಬಿಯ ಕೋಶಕ್ಕೆ ಮರ ಕೊಯ್ದು ಹಲಗೆ ಮಾಡಲು ಬಾರದು, ಅಷ್ಟೇ. ಕೊಯ್ದ ಹಲಗೆ ಕೊಟ್ಟರೆ ಜೋಡಿಸುವುದು ಬರುತ್ತದೆ. ಹೀಗಂತ ನನಗೆ ಅನ್ನಿಸುತ್ತದೆ. ಅನ್ನಿಸುವುದಕ್ಕೂ ಇರುವುದಕ್ಕೂ ಎಷ್ಟು ದೂರವೋ ತಿಳಿಯದು. ಒಂದು ದಿನ ಪೂರ್ತಿ ನಂಬುತ್ತೇನೆ, ಮರುದಿನ ಇದು ಬರೀ ನನ್ನ ಆಸೆಯ ಲೆಕ್ಕಾಚಾರವಲ್ಲವೇ ಎಂದುಕೊಳ್ಳುತ್ತೇನೆ.

ಈಗ ಮೂರು ಸಲ ಓದಬೇಕಾದ ಜಾಗ ಬಂತು. ನಾನು ಬಾಯಿಬಿಟ್ಟರೆ ಮೇಡಂ ಗೊಂದಲ ಬಗೆಹರಿಯುತ್ತದೆ. ಮೂರು ಮತ್ತು ಒಂಬತ್ತರ ತಟ್ಟೆಗಳಿಗೆ ನಾನು ಏನೂ ಬೆರೆಸಿಲ್ಲ, ಅವುಗಳ ಫಲ ಚೊಕ್ಕವಾಗಿದೆ. ಆ ಇಬ್ಬರ ವಿಷಯದಲ್ಲಿ ಮೇಡಂ ಹೌದು ಎಂದು ಬರೆಯಬಹುದು. ಆದರೆ ಕೈಯಾಡಿಸಿದ ತಟ್ಟೆಯನ್ನು ಲೆಕ್ಕಕ್ಕೆ ಹಿಡಿಯುವಂತಿಲ್ಲ. ಹದಿನಾಲ್ಕು ಹೊರಗೆ ಬೀಳುತ್ತದೆ. ಆ ಮಕ್ಕಳಿಬ್ಬರಿಗೆ ಔಷಧಿ ಶುರುವಾಗುತ್ತದೆ, ಗುಬ್ಬಿ ಮುಂದಿನ ಸುತ್ತಿಗೆ ಕಾಯಬೇಕು. ಮುಂದಿನ ಸುತ್ತು ಎಂದರೆ ಎರಡು ವರ್ಷ. ಎರಡು ವರ್ಷದಲ್ಲಿ ಅವಳ ನಡಿಗೆ ಏನಾಗುತ್ತದೆಂದು ವೈದ್ಯರು ನನಗಿಂತ ಸ್ಪಷ್ಟವಾಗಿ ನಿಮಗೆ ಹೇಳಿದ್ದಾರೆ. ನಾನು ಬಾಯಿ ಮುಚ್ಚಿಕೊಂಡರೆ ಮೂವರಿಗೂ ಇಲ್ಲ. ಹೇಗೆ ನೋಡಿದರೂ ಗುಬ್ಬಿಗೆ ಇಲ್ಲ. ಅವಳ ಬಾಯಿಗೆ ಮಣ್ಣು ಹಾಕಿದವಳು ಅವಳನ್ನು ಮುದ್ದಿಸುವ ಅತ್ತೆಯೇ.

ನಾಚಿಕೆಯ ಮಾತೊಂದಿದೆ, ಅದನ್ನೂ ಬರೆದೇಬಿಡುತ್ತೇನೆ. ನಮ್ಮ ಮಗುವಿಗೆ ಸಿಗದ್ದು ಬೇರೆಯವರ ಮಕ್ಕಳಿಗೇಕೆ ಸಿಗಬೇಕು ಅನ್ನುವ ಯೋಚನೆ ನನಗೆ ಬಂತು. ಬಂದು ಹೋಗಲಿಲ್ಲ, ಐದು ದಿನ ಇತ್ತು. ಅದಕ್ಕೇ ಇನ್ನೂ ಮೇಡಂ ಬಾಗಿಲು ತಟ್ಟಿಲ್ಲ. ನನ್ನ ಕೆಲಸ ಹೋಗುತ್ತದೆಂಬ ಹೆದರಿಕೆಯೂ ಇದೆ, ಆದರೆ ಅದು ಎರಡನೆಯದು.

ನನ್ನ ಬುದ್ಧಿಗೆ ಮಂಕು ಕವಿದಿದೆ. ಗುಬ್ಬಿಯ ತಾಯಿ ನೀವು. ಹೇಳಲೋ ಬೇಡವೋ ಎಂದು ಎರಡು ಸಾಲು ಬರೆಯಿರಿ. ಬೈದು ಬರೆದರೂ ಸರಿ.

ಇಂತಿ,
ನಿಮ್ಮ ಬಾಯಿಬಡುಕಿ ನಾದಿನಿ

ತಾ.ಕ.: ಅಣ್ಣನಿಗೆ ಈ ಕಾಗದ ಕೊಡಬೇಡಿ. ನೀವೇ ಓದಿ ಹೇಳಿ. ನನ್ನ ಅಕ್ಷರ ನೋಡಿದರೆ, ಬರೆಯುವಾಗ ಅತ್ತಿದ್ದೇನೆಂದು ಅವನಿಗೆ ತಿಳಿದುಬಿಡುತ್ತದೆ.


ಜೂನ್ ೧೩, ಶುಕ್ರವಾರ

ಗುಬ್ಬಿಯ ಅತ್ತೆಗೆ,

ನಿಮ್ಮ ಕಾಗದವನ್ನು ಮೂರಲ್ಲ, ಐದು ಸಲ ಓದಿದೆ. ಎರಡನೆಯ ಸಲ ಓದಿ ಹೊಲಿಯಲು ಕೂತು ಗಿರಾಕಿಯ ಅಂಗಿಗೆ ಎಡತೋಳನ್ನು ಬಲಕ್ಕೆ ಜೋಡಿಸಿಬಿಟ್ಟೆ. ಬಿಚ್ಚುವಾಗ ನಿಮ್ಮನ್ನು ಬೈದದ್ದು ನಿಮಗೆ ಅಲ್ಲಿ ಬಿಕ್ಕಳಿಕೆಯಾಗಿ ಬಂದಿರಬೇಕು.

ಮೊದಲು ನನಗೆ ಕಣ್ಣು ಕತ್ತಲೆ ಬರುವಷ್ಟು ಸಿಟ್ಟು ಬಂತು. ನನ್ನ ಮಗುವಿನ ಅವಕಾಶವನ್ನು ಒಂದು ಚಮಚ ಎಂಜಲು ನೀರಿನಲ್ಲಿ ಮುಳುಗಿಸಿದಿರಲ್ಲ ಅನ್ನಿಸಿತು. ನಿಮ್ಮಣ್ಣನಿಗೆ ಓದಿ ಹೇಳಿದೆ. ಅವರು ಗುಬ್ಬಿಯನ್ನು ಎತ್ತಿಕೊಂಡು ಮಹಡಿಗೆ ಹೋದರು. ಬಹಳ ಹೊತ್ತಿನ ಮೇಲೆ ಇಳಿದು ಬಂದು, ಅವಳು ಹಾಕಿದ್ದು ವಿಷವಲ್ಲವಲ್ಲ, ಊಟ ತಾನೇ ಅಂದರು. ಆಮೇಲೆ ನನಗೆ ಬೈಯುವುದಕ್ಕೂ ಆಗಲಿಲ್ಲ. ಸಾಯಲೆಂದೇ ಇಟ್ಟ ತಟ್ಟೆಯಲ್ಲಿ ಅವಳಿದ್ದಾಳೆಂದು ತಿಳಿದಿದ್ದರೆ ನಾನು ಭಾನುವಾರದವರೆಗೆ ಕಾಯುತ್ತಿದ್ದೆನೇ? ಗುರುವಾರವೇ ಹಾಕುತ್ತಿದ್ದೆ.

ನೀವು ಹೇಳಿಬಿಡಿ. ಮೇಡಂಗೂ ಹೇಳಿ, ಆ ಕಡ್ಡಿಗೂ ಹೇಳಿ. ಪಾಪ, ಅವಳ ಕೈಯಲ್ಲಿ ತಪ್ಪಿಲ್ಲವೆಂದು ಅದೇ ಜನರೆದುರು ಹೇಳಿ. ಬೇರೆ ಮಕ್ಕಳಿಗೇಕೆ ಅನ್ನುವ ಯೋಚನೆ ನಿಮಗೆ ಐದು ದಿನ ಇತ್ತು, ನನಗೆ ಒಂದು ರಾತ್ರಿ ಇತ್ತು. ಬೆಳಿಗ್ಗೆ ಗುಬ್ಬಿ ಗೋಡೆ ಹಿಡಿದುಕೊಂಡು ಬಚ್ಚಲಿಗೆ ಹೋಗುವುದನ್ನು ನೋಡುತ್ತ ನಿಂತೆ. ಇನ್ನೆರಡು ಮನೆಗಳಲ್ಲೂ ಈ ಹೊತ್ತಿಗೆ ಯಾರೋ ಹೀಗೇ ಗೋಡೆ ಹಿಡಿದಿರುತ್ತಾರೆ. ಅವರಾದರೂ ನಡೆಯಲಿ. ನಾವು ಹೇಗೋ ಎರಡು ವರ್ಷ ತಳ್ಳುತ್ತೇವೆ. ಇಷ್ಟು ದೊಡ್ಡ ಮಾತನ್ನು ನಾನು ಬರೆಯುತ್ತಿದ್ದೇನೆಂದು ನನಗೇ ನಂಬಿಕೆಯಾಗುತ್ತಿಲ್ಲ, ಮನಸ್ಸು ಬದಲಾಗುವ ಮೊದಲು ಕಳಿಸುತ್ತಿದ್ದೇನೆ.

ಇಂತಿ ನಿಮ್ಮ,
ಬೈಯುವಾಗ ಮಾತ್ರ ದೊಡ್ಡವಳಾಗುವ ಅತ್ತಿಗೆ

ತಾ.ಕ.: ಲಕೋಟೆ ಅಂಟಿಸುವ ಮೊದಲು, ಮುಂದಿನ ಸುತ್ತಿನ ತಾರೀಕು ಎಲ್ಲಾದರೂ ಬರೆದಿದೆಯೇ ನೋಡೋಣವೆಂದು ಆಸ್ಪತ್ರೆಯ ಫೈಲು ತೆಗೆದೆ. ಒಪ್ಪಿಗೆ ಪತ್ರದ ನಕಲಿನ ಮೇಲೆ ಗುಬ್ಬಿಯ ಸಂಖ್ಯೆ ಇದೆ. ಒಂಬತ್ತು. ಮೊದಲ ಸಲ ತೆಗೆದ ಚರ್ಮ ಆಸ್ಪತ್ರೆಯಲ್ಲೇ ಕೆಟ್ಟುಹೋಗಿತ್ತು, ಎರಡು ವಾರ ಬಿಟ್ಟು ಮತ್ತೆ ತೆಗೆದರು. ಎರಡನೇ ಸಲ ಚುಚ್ಚಿದ್ದು ತಿಳಿದರೆ ತಂಗಿ ಊಟ ಬಿಡ್ತಾಳೆ, ಹೇಳ್ಬೇಡ ಅಂತ ನಿಮ್ಮಣ್ಣ ಅಂದಿದ್ದರು, ನಾನೂ ಹೇಳಲಿಲ್ಲ. ಸುಳ್ಳೇಕೆ ಹೇಳಲಿ, ಸಂಖ್ಯೆ ನೋಡಿದ ಕೂಡಲೇ ಗುಬ್ಬಿಯನ್ನು ಅವುಚಿಕೊಂಡು ನಕ್ಕೆ. ಆಮೇಲೆ ಮೇಲೆ ಬರೆದದ್ದನ್ನು ಇನ್ನೊಮ್ಮೆ ಓದಿದೆ. ಅದರಲ್ಲಿ ಒಂದಕ್ಷರವನ್ನೂ ಹೊಡೆದು ಹಾಕಿಲ್ಲ, ಸೋಮವಾರಕ್ಕೆ ಮೊದಲು ಹೋಗಿ ಹೇಳಿ. ಎರಡು ವರ್ಷ ಕಾಯಬೇಕಾದ ಹದಿನಾಲ್ಕು ಯಾರ ಮಗುವೋ. ಅದರ ತಾಯಿಗೆ ಯಾರು ಕಾಗದ ಬರೆಯಬೇಕು, ನೀವೋ, ನಾನೋ?